ಬೆಳಗಿನ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗಿದ್ದು ಯಾಕೆ?

ಆ್ಯಪ್ ಬರೆಯುವ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಮಂಡ್ಯ, ಮೈಸೂರು ಕಡೆಯಿಂದ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಒಬ್ಬರು ಹಾಲಿನ ಡೈರಿಗೆ ಆ್ಯಪ್ ಮಾಡುತ್ತಿದ್ದಾರೆ, ಒಬ್ಬರು ಆಲೆಮನೆಗೆ, ಇನ್ನೊಬ್ಬರು ಹೂವಿನ ಅಂಗಡಿಗೆ. ಊರಿನ ಕೆಲಸಕ್ಕೆ ಊರಿನವರೇ ಆ್ಯಪ್ ಬರೆಯುತ್ತಿರುವುದು ನೋಡಿ ತುಂಬಾ ಖುಷಿಯಾಯಿತು. ಹೆಚ್ಚಿನವರು ಸ್ಕ್ರೀನ್ ಸರಿಯಾಗಿ ಬರುತ್ತಿಲ್ಲ ಅಂತ ಕೇಳಿದ್ದಾರೆ. ಆದರೆ ಕೋಡ್ ನೋಡಿದರೆ ತೊಂದರೆ ಇರುವುದು ಸ್ಕ್ರೀನಿನಲ್ಲಲ್ಲ, ಅದರ ಹಿಂದಿರುವ ಮಾಡೆಲ್ ಕ್ಲಾಸಿನಲ್ಲಿ, ಅಂದರೆ ಡೇಟಾದಲ್ಲಿ ಯಾವ ಯಾವ ಫೀಲ್ಡ್ ಇರಬೇಕು ಅಂತ ಹೇಳುವ ಕೋಡಿನಲ್ಲಿ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಕೋಡಿನ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮೂರಿನ ಹಾಲಿನ ಡೈರಿಗೆ ಫ್ಲಟ್ಟರ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿದ್ದೇನೆ. ಡೈರಿ ಬೆಳಿಗ್ಗೆ ಐದಕ್ಕೆ ತೆಗೆಯುತ್ತಾರೆ. ಮೊದಲು ಬಂದು ಹಾಲು ಹಾಕಿದವರ ಎಂಟ್ರಿ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಸ್ವಲ್ಪ ತಡವಾಗಿ ಬಂದವರದ್ದು ಸರಿಯಾಗಿರುತ್ತದೆ. ಸಂಜೆ ಹಾಲಿನಲ್ಲಿ ಒಂದು ಸಲವೂ ತಪ್ಪಾಗಿಲ್ಲ. ಕ್ಲಾಸಿನಲ್ಲಿ ಸದಸ್ಯರ ನಂಬರು, ಲೀಟರ್, ಫ್ಯಾಟ್, ಸಮಯ ಅಂತ ನಾಲ್ಕೇ ಫೀಲ್ಡ್ ಇವೆ. ವಾರದಿಂದ ಹುಡುಕುತ್ತಿದ್ದೇನೆ, ತಪ್ಪು ಸಿಗುತ್ತಿಲ್ಲ.
ಓದುಗ, ಮದ್ದೂರು ತಾಲ್ಲೂಕು

ಉತ್ತರ: ತಪ್ಪು ಎಲ್ಲಿದೆ ಅಂತ ನಿಮ್ಮ ಪತ್ರವೇ ಹೇಳುತ್ತಿದೆ. ಡೈರಿ ತೆಗೆಯುವುದು ಐದಕ್ಕೆ ಅಂದಿರಲ್ಲ, ಅದೇ ಸುಳಿವು. ನಮ್ಮ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಇಲ್ಲಿ ಬೆಳಿಗ್ಗೆ 5:10 ಆಗಿದ್ದಾಗ ಅಲ್ಲಿ ಹಿಂದಿನ ದಿನದ ರಾತ್ರಿ 11:40. ಇಲ್ಲಿ 5:30 ಆದ ಕೂಡಲೇ ಅಲ್ಲೂ ತಾರೀಖು ಬದಲಾಗುತ್ತದೆ. ಅದಕ್ಕೇ ಕ್ಯಾನ್ ಹಿಡಿದುಕೊಂಡು ಮೊದಲು ಬಂದು ನಿಂತವರದ್ದು ನಿನ್ನೆಗೆ ಹೋಗುತ್ತದೆ, ಅವರ ಹಿಂದೆ ಬಂದವರದ್ದು ಇವತ್ತಿಗೆ ಬರುತ್ತದೆ. ಸಂಜೆ ಐದಕ್ಕೆ ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಎರಡೂ ಕಡೆ ಒಂದೇ ತಾರೀಖು. ಹಾಗಾಗಿ ಸಂಜೆ ತಪ್ಪು ಕಾಣುವುದೇ ಇಲ್ಲ.

ನೀವು ಕಳಿಸಿದ ಕೋಡಿನಲ್ಲಿ ಸಮಯವನ್ನು ಯುಟಿಸಿಗೆ ಬದಲಿಸಿ ಸರ್ವರ್‌ಗೆ ಕಳಿಸಿದ್ದೀರಿ. ಅದು ಸರಿಯಾದ ಅಭ್ಯಾಸ. ಆದರೆ ದಿನದ ಪಟ್ಟಿ ಮಾಡುವಾಗ ಆ ಸಾಲಿನ ಮೊದಲ ಹತ್ತು ಅಕ್ಷರ ಕತ್ತರಿಸಿ ಅದನ್ನೇ ತಾರೀಖು ಅಂದುಕೊಂಡಿದ್ದೀರಿ. ತಪ್ಪಾಗಿರುವುದು ಅಲ್ಲಿ. ಸದ್ಯಕ್ಕೆ ರಿಪೇರಿ ಬೇಕಾದರೆ, ಓದಿಕೊಂಡ ಡೇಟ್‌ಟೈಮ್ ಮೇಲೆ ಮೊದಲು ಟುಲೋಕಲ್ ಕರೆದು ನಮ್ಮ ಸಮಯಕ್ಕೆ ತಂದು ಆಮೇಲೆ ದಿನ ತೆಗೆಯಿರಿ. ಡಾರ್ಟ್‌ನಲ್ಲಿ (ಫ್ಲಟ್ಟರ್ ಆ್ಯಪ್ ಬರೆಯುವ ಭಾಷೆ) ಕೊನೆಗೆ ಯುಟಿಸಿ ಗುರುತಾದ ಝಡ್ ಅಕ್ಷರ ಇರುವ ಸಮಯವನ್ನು ಪಾರ್ಸ್ ಮಾಡಿದರೆ ಬರುವ ಆಬ್ಜೆಕ್ಟ್ ಯುಟಿಸಿಯಲ್ಲೇ ಇರುತ್ತದೆ. ಅದರ ದಿನ ಕೇಳಿದರೆ ಯುಟಿಸಿ ದಿನವನ್ನೇ ಕೊಡುತ್ತದೆ, ಫೋನ್ ಮಂಡ್ಯದಲ್ಲಿದೆ ಅಂತ ಅದೇನೂ ಲೆಕ್ಕ ಹಾಕುವುದಿಲ್ಲ. ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ಲೋಕಲ್ ಸಮಯದ ಮೇಲೆ ನೇರವಾಗಿ ಟುಐಎಸ್‌ಒ8601ಸ್ಟ್ರಿಂಗ್ ಕರೆದರೆ ಝಡ್ಡೂ ಇರುವುದಿಲ್ಲ, +05:30 ಕೂಡ ಇರುವುದಿಲ್ಲ. ಸರ್ವರ್ ಅದನ್ನು ಯುಟಿಸಿ ಅಂದುಕೊಂಡರೆ ಎಂಟ್ರಿ ಐದೂವರೆ ಗಂಟೆ ಮುಂದಕ್ಕೆ ಹಾರುತ್ತದೆ. ಕಳಿಸುವಾಗ ಯಾವಾಗಲೂ ಮೊದಲು ಟುಯುಟಿಸಿ, ಓದುವಾಗ ಯಾವಾಗಲೂ ಟುಲೋಕಲ್.

ಆದರೆ ನನ್ನನ್ನು ಕೇಳಿದರೆ ನಿಮ್ಮ ಕ್ಲಾಸನ್ನೇ ಬದಲಿಸಿ ಅನ್ನುತ್ತೇನೆ. ಡೈರಿಯಲ್ಲಿ ಸೆಕ್ರೆಟರಿ ಬರೆಯುವ ಪುಸ್ತಕ ಒಮ್ಮೆ ತೆಗೆದು ನೋಡಿ. ಅದರಲ್ಲಿ 5 ಗಂಟೆ 10 ನಿಮಿಷ ಅಂತ ಬರೆದಿರುತ್ತಾರಾ? ಇಲ್ಲ. ತಾರೀಖು ಇರುತ್ತದೆ, ಬೆಳಗಿನ ಹೊತ್ತೋ ಸಂಜೆ ಹೊತ್ತೋ ಅಂತ ಇರುತ್ತದೆ. ದುಡ್ಡು ಎಣಿಸುವುದು ಅದರ ಮೇಲೆ. ಸಂಜೆ ಹಾಲು ಹಾಕಲು ಯಾರಾದರೂ ತಡವಾಗಿ ಬಂದರೂ ಅದು ಸಂಜೆ ಹೊತ್ತಿನ ಹಾಲೇ. ಅಂದರೆ ದಿನ ಮತ್ತು ಹೊತ್ತು ಗಡಿಯಾರದಿಂದ ಲೆಕ್ಕ ಹಾಕಿ ತೆಗೆಯಬೇಕಾದ ವಿಷಯಗಳಲ್ಲ, ಅವು ಎಂಟ್ರಿಯದ್ದೇ ಸ್ವಂತ ಫೀಲ್ಡ್‌ಗಳು. ನಿಮ್ಮ ಸಮಯ ಅನ್ನುವ ಒಂದೇ ಫೀಲ್ಡಿನ ಮೇಲೆ ಮೂರು ಕೆಲಸ ಹೊರಿಸಿದ್ದೀರಿ. ದಿನ ಅಂತ ಒಂದು ಫೀಲ್ಡ್ ಮಾಡಿ, 2025-06-14 ಈ ರೀತಿ ಸ್ಟ್ರಿಂಗ್ ಆಗಿಯೇ ಇಡಿ, ಜೋಡಿಸುವಾಗಲೂ ಸರಿಯಾದ ಕ್ರಮದಲ್ಲೇ ಬರುತ್ತದೆ. ಹೊತ್ತು ಅಂತ ಒಂದು ಈನಮ್ ಮಾಡಿ, ಅಂದರೆ ಬೆಳಿಗ್ಗೆ, ಸಂಜೆ ಅಂತ ಗೊತ್ತಾದ ಬೆಲೆಗಳಷ್ಟೇ ಇರುವ ಪಟ್ಟಿ. ಎಂಟ್ರಿ ಆದ ಸಮಯ ಬೇರೆಯೇ ಇರಲಿ, ಯುಟಿಸಿಯಲ್ಲೇ ಇರಲಿ, ನಾಳೆ ಜಗಳ ಬಂದರೆ ನೋಡಲು ಬೇಕಾಗುತ್ತದೆ. ಈನಮ್ ಉಳಿಸುವಾಗ ಅದರ ಇಂಡೆಕ್ಸ್ ಉಳಿಸಬೇಡಿ, ಹೆಸರು ಉಳಿಸಿ. ಮುಂದೆ ಯಾವತ್ತೋ ನಡುವೆ ಇನ್ನೊಂದು ಹೊತ್ತು ಸೇರಿಸಿದರೆ ಇಂಡೆಕ್ಸ್ ಎಲ್ಲ ಒಂದೊಂದು ಸರಿದು ಹಳೇ ಸಂಜೆ ಹಾಲು ಬೇರೆ ಹೊತ್ತಿನದಾಗುತ್ತದೆ.

ಹಳೇ ಎಂಟ್ರಿಗಳ ಬಗ್ಗೆ ಹೆದರಬೇಡಿ. ಪೂರ್ತಿ ಸಮಯ ಉಳಿದಿದೆ ಅಲ್ವಾ, ಅದಕ್ಕೆ ಐದೂವರೆ ಗಂಟೆ ಸೇರಿಸಿ ದಿನವನ್ನು ಮತ್ತೆ ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗುತ್ತದೆ. ಮೊದಲು ಒಂದು ಕಾಪಿ ಮಾಡಿಟ್ಟುಕೊಂಡು ಆಮೇಲೆ ಮುಟ್ಟಿ. ಬಟವಾಡೆಗೆ ಮುಂಚೆ ಮುಗಿಸಿ, ಒಂದು ದಿನದ ಹಾಲು ಆಚೀಚೆ ಆದರೆ ಒಂದು ಮನೆಯ ಬಿಲ್ ಕಡಿಮೆಯಾಗುತ್ತದೆ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ತೋರಿಸುವ ಆ್ಯಪ್ ಮಾಡುತ್ತಿದ್ದೇವೆ. ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ನಾವೇ ದಿನಾ ಒಂದು ಸಣ್ಣ ಸರ್ವರ್‌ಗೆ ತುಂಬುತ್ತೇವೆ. ಎಷ್ಟೋ ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಆ್ಯಪ್ ತೆರೆಯಲೇ ಇಲ್ಲ. ಟೈಪ್ ಇಂಟ್ ಈಸ್ ನಾಟ್ ಎ ಸಬ್‌ಟೈಪ್ ಆಫ್ ಟೈಪ್ ಡಬಲ್ ಅಂತ ಕೆಂಪು ಎರರ್ ಬರುತ್ತದೆ. ಅದೇ ಕೋಡನ್ನು ಲ್ಯಾಪ್‌ಟಾಪಿನಲ್ಲಿ ಕ್ರೋಮ್‌ನಲ್ಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಫೋನೇ ಹಾಳಾಗಿದೆಯಾ?
ವಿದ್ಯಾರ್ಥಿಗಳು, ಪಾಂಡವಪುರ

ಉತ್ತರ: ಫೋನ್ ಚೆನ್ನಾಗಿಯೇ ಇದೆ. ಆ ಬೆಳಿಗ್ಗೆ ಮಟ್ಟ ಎಷ್ಟಿತ್ತು ಅಂತ ನೋಡಿದಿರಾ? ನೀವು ಕಳಿಸಿದ ಫೈಲಿನಲ್ಲಿ ಹಿಂದಿನ ದಿನ 109.6 ಇದೆ, ಎರರ್ ಬಂದ ದಿನ 110 ಇದೆ. ಪಾಯಿಂಟ್ ಆದ ಮೇಲೆ ಏನೂ ಇಲ್ಲ. ಸರ್ವರ್ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೀರಿ, ಅದು 110.00 ಅನ್ನುವುದನ್ನು ಜೇಸನ್ (ಸರ್ವರ್‌ನಿಂದ ಆ್ಯಪ್‌ಗೆ ಡೇಟಾ ಕಳಿಸುವ ಬರಹದ ರೂಪ) ಮಾಡುವಾಗ ಬರೀ 110 ಅಂತ ಕಳಿಸುತ್ತದೆ. ಫೋನಿನಲ್ಲಿ ಡಾರ್ಟ್ ಅದನ್ನು ಇಂಟ್, ಅಂದರೆ ಪೂರ್ಣಾಂಕ, ಅಂತ ಓದುತ್ತದೆ. ನಿಮ್ಮ ಫ್ರಮ್‌ಜೇಸನ್‌ನಲ್ಲಿ ಆ್ಯಸ್ ಡಬಲ್ ಅಂತ, ಅಂದರೆ ಪಾಯಿಂಟ್ ಇರುವ ಅಂಕಿಯೇ ಬೇಕು ಅಂತ ಬರೆದಿದ್ದೀರಿ. ಇಂಟ್ ಬಂತು, ಡಬಲ್ ಕೇಳಿದಿರಿ, ನಿಂತುಹೋಯಿತು.

ಕ್ರೋಮ್‌ನಲ್ಲಿ ಯಾಕೆ ಆಗಲಿಲ್ಲ ಅಂದರೆ, ಫ್ಲಟ್ಟರ್ ವೆಬ್‌ನಲ್ಲಿ ನಿಮ್ಮ ಡಾರ್ಟ್ ಕೋಡ್ ಜಾವಾಸ್ಕ್ರಿಪ್ಟ್ ಆಗಿ ಬದಲಾಗಿ ಓಡುತ್ತದೆ. ಅಲ್ಲಿ ಇಂಟ್ ಬೇರೆ, ಡಬಲ್ ಬೇರೆ ಅಂತ ಇಲ್ಲ, ಎರಡಕ್ಕೂ ಒಂದೇ ನಂಬರ್. ಅದಕ್ಕೇ 110 ಅನ್ನು ಡಬಲ್ ಅಂದರೂ ಸುಮ್ನೆ ಒಪ್ಪಿಕೊಳ್ಳುತ್ತದೆ. ಫೋನಿಗೆ ಹೋಗುವ ಆ್ಯಪನ್ನು ಫೋನಿನಲ್ಲೇ ಟೆಸ್ಟ್ ಮಾಡಿ ಅಂತ ನಾನು ಪ್ರತಿ ಸಲ ಹೇಳುವುದು ಇಂಥದ್ದಕ್ಕೇ.

ರಿಪೇರಿ ಒಂದೇ ಸಾಲು. ಆ್ಯಸ್ ಡಬಲ್ ತೆಗೆದು, ಬ್ರ್ಯಾಕೆಟ್ ಒಳಗೆ ಆ್ಯಸ್ ನಮ್ ಅಂತ ಹಾಕಿ, ಹೊರಗೆ ಟುಡಬಲ್ ಕರೆಯಿರಿ. ನಮ್ ಅಂದರೆ ಇಂಟ್, ಡಬಲ್ ಎರಡಕ್ಕೂ ಹಿರಿಯ. ಯಾವುದು ಬಂದರೂ ಒಳಗೆ ಬಿಟ್ಟುಕೊಂಡು ಡಬಲ್ ಮಾಡಿ ಕೊಡುತ್ತದೆ. ಫೈರ್‌ಸ್ಟೋರ್ (ಗೂಗಲ್‌ನ ಆನ್‌ಲೈನ್ ಡೇಟಾಬೇಸ್) ಬಳಸುವವರಿಗೂ ಇದೇ ಮಾತು, ಅಲ್ಲಿ 25 ಅಂತ ಉಳಿಸಿದ್ದು ಇಂಟ್ ಆಗಿ ಬರುತ್ತದೆ, 25.5 ಡಬಲ್ ಆಗಿ ಬರುತ್ತದೆ. ತೋರಿಸುವಾಗ ಟುಸ್ಟ್ರಿಂಗ್‌ಆ್ಯಸ್‌ಫಿಕ್ಸ್ಡ್‌ಗೆ 2 ಕೊಡಿ. ಕಟ್ಟೆ ತುಂಬಿದ ದಿನ ಸ್ಕ್ರೀನಿನ ಮೇಲೆ 124.8 ಅಂತ ಬಂದರೆ ಅಷ್ಟು ಚೆನ್ನಾಗಿರಲ್ಲ, ಮಂಡ್ಯದವರ ಕಣ್ಣಿಗೆ 124.80 ಅಂತಲೇ ಕಾಣಬೇಕು.

ಈಗ ನೀವು ಕೇಳದೇ ಇರುವ ಒಂದು ವಿಷಯ. ಇದು ಎರರ್‌ಗಿಂತ ದೊಡ್ಡದು ಅಂತ ನನಗೆ ಅನ್ನಿಸಿತು, ಹಾಗಾಗಿ ಬಿಡದೆ ಹೇಳುತ್ತೇನೆ. ನಿಮ್ಮ ಕ್ಲಾಸಿನಲ್ಲಿ ಮೂರೂ ಫೀಲ್ಡಿಗೆ ಎರಡು ಪ್ರಶ್ನೆ ಚಿಹ್ನೆ ಹಾಕಿ ಪಕ್ಕದಲ್ಲಿ ಸೊನ್ನೆ ಬರೆದಿದ್ದೀರಿ. ಅಂದರೆ ಡೇಟಾ ಬರದಿದ್ದರೆ ಸೊನ್ನೆ ಇಟ್ಟುಕೊ ಅಂತ. ಒಂದು ದಿನ ನಿಮ್ಮಲ್ಲಿ ಯಾರೋ ಮಟ್ಟ ತುಂಬಲು ಮರೆತರು ಅಂದುಕೊಳ್ಳಿ. ಆ ದಿನ ಆ್ಯಪ್ ಏನು ತೋರಿಸುತ್ತದೆ? ಕಟ್ಟೆಯಲ್ಲಿ ಸೊನ್ನೆ ಅಡಿ ನೀರು ಅಂತ. ವಿ.ಸಿ. ನಾಲೆ ನೀರು ನಂಬಿಕೊಂಡು ಭತ್ತದ ಒಟ್ಲು ಹಾಕಿರುವ ರೈತರೊಬ್ಬರು ಅದನ್ನು ನೋಡಿದರೆ ಅವರ ಎದೆ ಧಸಕ್ ಅನ್ನುವುದಿಲ್ಲವಾ? ಮಟ್ಟದಲ್ಲಿ ಸೊನ್ನೆ ಬಂದರೆ ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಒಳಹರಿವಿನಲ್ಲಿ? ಬೇಸಿಗೆಯಲ್ಲಿ ಒಳಹರಿವು ತೀರಾ ಇಳಿದಾಗ ಸೊನ್ನೆ ಕಂಡರೆ ಎಲ್ಲರೂ ನಿಜ ಅಂತಲೇ ನಂಬುತ್ತಾರೆ. ಗೊತ್ತಿಲ್ಲ ಅನ್ನುವುದೂ ಇಲ್ಲ ಅನ್ನುವುದೂ ಒಂದೇ ಅಲ್ಲ. ನಿಮ್ಮ ಕ್ಲಾಸ್ ಅವೆರಡನ್ನೂ ಒಂದೇ ಅಂಕಿಯಲ್ಲಿ ಹೇಳುತ್ತಿದೆ.

ಡಾರ್ಟ್‌ಗೆ ನಲ್ ಸೇಫ್ಟಿ ಬಂದಿದ್ದು 2021ರ ಮಾರ್ಚ್‌ನಲ್ಲಿ, 2.12ನೇ ಆವೃತ್ತಿಯ ಜೊತೆ. ನಲ್ ಅಂದರೆ ಬೆಲೆಯೇ ಇಲ್ಲ ಅಂತ. 2023ರಲ್ಲಿ ಡಾರ್ಟ್ 3 ಬಂದ ಮೇಲೆ ಅದು ಕಡ್ಡಾಯ. ಅದರ ಉಪಯೋಗವೇ ಇದು. ಈ ಬೆಲೆ ಇಲ್ಲದೆಯೂ ಇರಬಹುದು ಅಂತ ಕ್ಲಾಸಿನಲ್ಲೇ ಬಾಯಿಬಿಟ್ಟು ಹೇಳಬಹುದು. ಡಬಲ್ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ಮೇಲೆ ಹೇಳಿದ ನಮ್ ಪಕ್ಕದಲ್ಲೂ, ಟುಡಬಲ್ ಕರೆಯುವ ಚುಕ್ಕಿಗೆ ಮುಂಚೆಯೂ ಒಂದೊಂದು ಹಾಕಿ, ನಲ್ ಬಂದರೆ ನಲ್ ಆಗಿಯೇ ಇರಲಿ ಬಿಡಿ, ಸ್ಕ್ರೀನಿನಲ್ಲಿ ಇವತ್ತಿನ ಮಾಹಿತಿ ಬಂದಿಲ್ಲ ಅಂತ ಬರೆಯಿರಿ. ಎರರ್ ಬಾಯಿ ಮುಚ್ಚಿಸಲಿಕ್ಕೆ ಸೊನ್ನೆ, ಖಾಲಿ ಸ್ಟ್ರಿಂಗ್, ಆಶ್ಚರ್ಯ ಚಿಹ್ನೆ, ಲೇಟ್ ಪದ, ಇವನ್ನೆಲ್ಲ ಎಲ್ಲೆಂದರಲ್ಲಿ ಹಾಕುವ ಅಭ್ಯಾಸ ಹುಡುಗರಲ್ಲಿ ಜಾಸ್ತಿ ನೋಡುತ್ತಿದ್ದೇನೆ. ಆಶ್ಚರ್ಯ ಚಿಹ್ನೆ ಹಾಕುವುದು ಅಂದರೆ ಇದು ಎಂದೂ ನಲ್ ಆಗಲ್ಲ ಅಂತ ಮಾತು ಕೊಟ್ಟ ಹಾಗೆ. ಸರ್ವರಿನ ಡೇಟಾ ಮೇಲೆ ನೀವು ಹಾಗೆ ಮಾತು ಕೊಡಬಾರದು.

ಪ್ರಶ್ನೆ: ಆ್ಯಂಡ್ರಾಯ್ಡ್ ಆ್ಯಪಿನ ಕೋಟ್ಲಿನ್ ಭಾಷೆಯ ಕ್ಲಾಸಿನಲ್ಲಿ ಗ್ರಾಹಕರ ಮೊಬೈಲ್ ನಂಬರನ್ನು ಇಂಟ್ ಅಂತ ಇಟ್ಟರೆ ಎರರ್ ಬರುತ್ತದೆ. ಲಾಂಗ್ ಮಾಡಲಾ?
ಓದುಗರು, ಕೆ.ಆರ್. ಪೇಟೆ

ಉತ್ತರ: ಬೇಡ, ಸ್ಟ್ರಿಂಗ್ ಮಾಡಿ. ಕೋಟ್ಲಿನ್‌ನ ಇಂಟ್ ಹಿಡಿಸುವುದು 2147483647ರ ತನಕ ಮಾತ್ರ. ನಮ್ಮ ಮೊಬೈಲ್ ನಂಬರುಗಳು ಹತ್ತು ಅಂಕಿ, ಶುರುವಾಗುವುದೇ 6, 7, 8, 9ರಿಂದ. ಒಂದೂ ಹಿಡಿಸುವುದಿಲ್ಲ. ಲಾಂಗ್ ಆದರೆ ಹಿಡಿಸುತ್ತದೆ, ಆದರೆ ನಾಳೆ ಯಾರೋ ಮುಂದೆ ಸೊನ್ನೆ ಹಾಕಿದರೆ ಅಥವಾ +91 ಹಾಕಿದರೆ ಅದು ಉಳಿಯುವುದಿಲ್ಲ. ಕೂಡುವುದು, ಕಳೆಯುವುದು ಮಾಡದ ಯಾವ ಅಂಕಿಯೂ ನಂಬರ್ ಅಲ್ಲ, ಅದು ಬರಹ. ಪಿನ್‌ಕೋಡ್, ಆಧಾರ್, ಸದಸ್ಯರ ನಂಬರು ಎಲ್ಲ ಹೀಗೇ. 007 ಅನ್ನುವ ಸದಸ್ಯರನ್ನು ಇಂಟ್‌ನಲ್ಲಿಟ್ಟರೆ ಅವರು ಬರೀ 7 ಆಗುತ್ತಾರೆ.

ಪ್ರಶ್ನೆ: ನಮ್ಮ ಆಲೆಮನೆಗೆ ಕಬ್ಬು ತರುವವರ ಲೆಕ್ಕಕ್ಕೆ ಕೋಟ್ಲಿನ್ ಮತ್ತು ರೂಮ್ (ಫೋನಿನೊಳಗಿನ ಡೇಟಾಬೇಸ್ ಲೈಬ್ರರಿ) ಬಳಸಿ ಆ್ಯಪ್ ಮಾಡಿದ್ದೆ. ಅಪ್ಪ ಅದರಲ್ಲೇ ದಿನಾ ಬರೆಯುತ್ತಿದ್ದರು. ಮುಂಗಡ ಅಂತ ಹೊಸ ಫೀಲ್ಡ್ ಸೇರಿಸಿದೆ. ಅಪ್ಪನ ಫೋನಿಗೆ ಹಾಕಿದ ತಕ್ಷಣ ಕ್ರ್ಯಾಶ್. ಸ್ಕೀಮಾ (ಟೇಬಲ್ಲುಗಳ ರಚನೆ) ಬದಲಾಗಿದೆ, ವರ್ಷನ್ ನಂಬರ್ ಬದಲಿಸಲು ಮರೆತಿದ್ದೀರಿ ಅಂತ ಎರರ್. ನಂಬರ್ ಬದಲಿಸಿದೆ, ಮೈಗ್ರೇಷನ್ (ಹಳೇ ಟೇಬಲ್ಲನ್ನು ಹೊಸ ರಚನೆಗೆ ತರುವ ಕೋಡ್) ಬೇಕು ಅಂದಿತು. ಹುಡುಕಿದಾಗ ಸಿಕ್ಕ ಒಂದು ಸಾಲು ಹಾಕಿದೆ, ಫಾಲ್‌ಬ್ಯಾಕ್‌ಟುಡಿಸ್ಟ್ರಕ್ಟಿವ್‌ಮೈಗ್ರೇಷನ್ ಅಂತ. ಆ್ಯಪ್ ತೆರೆಯಿತು, ಆದರೆ ಈ ವರ್ಷದ ಲೆಕ್ಕ ಎಲ್ಲ ಖಾಲಿ. ವಾಪಸ್ ಬರುತ್ತದಾ ಮೇಡಂ?
ಓದುಗ, ಮಂಡ್ಯ

ಉತ್ತರ: ನಿಮ್ಮ ಪತ್ರ ಓದಿ ನಿಜವಾಗಿಯೂ ಬೇಜಾರಾಯಿತು. ನೇರವಾಗಿ ಹೇಳಿಬಿಡುತ್ತೇನೆ. ಆ ಸಾಲಿನ ಅರ್ಥವೇ ಇಷ್ಟು, ಮೈಗ್ರೇಷನ್ ಇಲ್ಲದಿದ್ದರೆ ಹಳೇ ಟೇಬಲ್ಲುಗಳನ್ನು ಕಿತ್ತು ಹಾಕಿ ಹೊಸದಾಗಿ ಕಟ್ಟು ಅಂತ. ಫೋನಿನಲ್ಲಿ ಅದು ಉಳಿದಿಲ್ಲ. ಒಂದು ದಾರಿ ಇರಬಹುದು. ಆ್ಯಂಡ್ರಾಯ್ಡ್ 6ರಿಂದ ಈಚೆಗೆ ಆಟೋ ಬ್ಯಾಕಪ್ ಇದೆ. ನೀವು ಅದನ್ನು ಆ್ಯಪಿನಲ್ಲಿ ನಿಲ್ಲಿಸಿಲ್ಲದಿದ್ದರೆ, ಅಪ್ಪನ ಫೋನಿನಲ್ಲಿ ಬ್ಯಾಕಪ್ ಆನ್ ಇದ್ದಿದ್ದರೆ, ಆ್ಯಪಿನ ಡೇಟಾಬೇಸ್ 25 ಎಂಬಿ ತನಕ ಅವರ ಗೂಗಲ್ ಖಾತೆಗೆ ಹೋಗಿರುತ್ತದೆ. ಆದರೆ ಹೊಸ ಬ್ಯಾಕಪ್ ಹಳೆಯದರ ಮೇಲೆ ಬರೆದುಬಿಡುತ್ತದೆ, ಆದ್ದರಿಂದ ಈಗಲೇ ಆ ಫೋನಿನ ಬ್ಯಾಕಪ್ ಬಗ್ಗೆ ನೋಡಿ, ತಡಮಾಡಬೇಡಿ. ಅದು ಇಲ್ಲದಿದ್ದರೆ ತೂಕದ ಚೀಟಿಗಳು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲೆಕ್ಕ, ಅಪ್ಪನ ಹಳೇ ನೋಟ್‌ಬುಕ್, ಇವುಗಳಿಂದಲೇ ಮತ್ತೆ ತುಂಬಬೇಕು. ನಾನೂ ಒಮ್ಮೆ ಇದೇ ತಪ್ಪು ಮಾಡಿ ಮೈಸೂರಿನ ಒಂದು ಅಂಗಡಿಯವರ ಸಾಲದ ಪುಸ್ತಕ ಅಳಿಸಿಬಿಟ್ಟಿದ್ದೆ. ಎರಡು ದಿನ ಅವರ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಕೂತು, ಒಂದೊಂದೇ ಚೀಟಿ ಬಿಡಿಸಿ ಮತ್ತೆ ತುಂಬಿಸಿ ಕೊಟ್ಟೆ. ನೀವೂ ಅಪ್ಪನ ಜೊತೆ ಕೂತುಕೊಂಡೇ ಮಾಡಿ. ಅವರೊಬ್ಬರನ್ನೇ ಬಿಡಬೇಡಿ.

ಈಗ ಸರಿಯಾದ ದಾರಿ. ಎಂಟಿಟಿ (ಒಂದು ಟೇಬಲ್ಲಿನ ಆಕಾರ ಹೇಳುವ) ಕ್ಲಾಸಿನಲ್ಲಿ ಒಂದು ಫೀಲ್ಡ್ ಸೇರಿಸಿದಿರಿ ಅಂದರೆ ಕೋಡಿನಲ್ಲಿ ಮಾತ್ರ ಸೇರಿತು. ಅಪ್ಪನ ಫೋನಿನಲ್ಲಿರುವ ಟೇಬಲ್ಲಿಗೆ ಆ ಕಾಲಂ ಇನ್ನೂ ಗೊತ್ತಿಲ್ಲ. ವರ್ಷನ್ 1ರಿಂದ 2ಕ್ಕೆ ಮಾಡಿ, ಜೊತೆಗೆ ಒಂದು ಮೈಗ್ರೇಷನ್ ಬರೆದು ಅದರಲ್ಲಿ ಆಲ್ಟರ್ ಟೇಬಲ್ ಆದೇಶದಿಂದ ಕಾಲಂ ಸೇರಿಸಿ. ರೂಮ್ 2.4ರಿಂದ ಇಂಥ ಸುಲಭದ ಬದಲಾವಣೆಗೆ ಆಟೋಮೈಗ್ರೇಷನ್ ಕೂಡ ಇದೆ, ಎಕ್ಸ್‌ಪೋರ್ಟ್‌ಸ್ಕೀಮಾ ಆನ್ ಮಾಡಿಟ್ಟಿರಬೇಕು ಅಷ್ಟೆ. ಹಳೇ ಸ್ಕೀಮಾದ ಫೈಲ್ ಉಳಿದಿದ್ದರೆ ಮಾತ್ರ ಏನು ಬದಲಾಯಿತು ಅಂತ ಅದಕ್ಕೆ ಗೊತ್ತಾಗುತ್ತದೆ. ಆ ಫೈಲನ್ನೂ ಗಿಟ್‌ಗೆ ಹಾಕಿ.

ಕಾಲಂ ಸೇರಿಸುವಾಗ ಹಳೇ ಸಾಲುಗಳಿಗೆ ಏನು ತುಂಬಬೇಕು ಅನ್ನುವ ಪ್ರಶ್ನೆ ಬರುತ್ತದೆ. ಎಲ್ಲರೂ ಡಿಫಾಲ್ಟ್ ಸೊನ್ನೆ ಹಾಕುತ್ತಾರೆ. ಮೇಲೆ ಪಾಂಡವಪುರದ ಹುಡುಗರಿಗೆ ಹೇಳಿದ್ದನ್ನೇ ನಿಮಗೂ ಕೇಳುತ್ತೇನೆ, ಇಲ್ಲಿ ಸೊನ್ನೆ ನಿಜವಾ? ಹಿಂದಿನ ತಿಂಗಳು ಕಬ್ಬು ಕೊಟ್ಟ ರೈತರು ಮುಂಗಡ ತೆಗೆದುಕೊಂಡೇ ಇರಲಿಲ್ಲವಾ, ಇಲ್ಲ ತೆಗೆದುಕೊಂಡಿದ್ದು ಆ್ಯಪಿನಲ್ಲಿ ಬರೆಯಲು ಜಾಗ ಇರಲಿಲ್ಲವಾ? ಎರಡನೆಯದೇ ಇರಬೇಕು, ಇಲ್ಲದಿದ್ದರೆ ನೀವು ಈ ಫೀಲ್ಡನ್ನೇ ಸೇರಿಸುತ್ತಿರಲಿಲ್ಲ. ಹಾಗಿದ್ದರೆ ಹಳೆಯದಕ್ಕೆ ನಲ್ ಇಡಿ. ಮುಂಗಡ ಬರೆದಿಲ್ಲ ಅಂತ ಬೇರೆ ಬಣ್ಣದಲ್ಲಿ ತೋರಿಸಿ, ಅಪ್ಪ ನೆನಪಿದ್ದಷ್ಟು ತುಂಬಲಿ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ದುಡ್ಡನ್ನು ಡಬಲ್‌ನಲ್ಲಿ ಇಟ್ಟಿದ್ದೀರಿ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ದುಡ್ಡನ್ನು ಪೈಸೆಯಲ್ಲಿ, ಕಬ್ಬನ್ನು ಟನ್ನಿನ ಬದಲು ಕೆ.ಜಿ.ಯಲ್ಲಿ ಪೂರ್ಣಾಂಕವಾಗಿ ಇಡಿ. ಇಲ್ಲಿ ಲಾಂಗ್ ಬೇಕು. ಇಂಟ್‌ನಲ್ಲಿ ಪೈಸೆ ಇಟ್ಟರೆ ಎರಡು ಕೋಟಿ ಹದಿನಾಲ್ಕು ಲಕ್ಷ ರೂಪಾಯಿ ದಾಟಿದ ಮೇಲೆ ತುಂಬಿ ಹೋಗುತ್ತದೆ, ಒಂದು ಹಂಗಾಮಿನ ಒಟ್ಟು ಮೊತ್ತ ಅಲ್ಲಿಗೆ ಹೋದರೂ ಹೋದೀತು. ಹೊಸ ವರ್ಷನ್ ಅಪ್ಪನ ಫೋನಿಗೆ ಹಾಕುವ ಮುಂಚೆ, ಹಳೇ ವರ್ಷನ್ನನ್ನು ಒಂದು ಎಮ್ಯುಲೇಟರ್‌ನಲ್ಲಿ ಹಾಕಿ, ನಾಲ್ಕು ಎಂಟ್ರಿ ಬರೆದು, ಅದರ ಮೇಲೆ ಹೊಸದನ್ನು ಹಾಕಿ ನೋಡಿ. ಹಳೇ ಆ್ಯಪ್ ಅಳಿಸಿ ಹೊಸದು ಹಾಕಿದರೆ ಈ ತಪ್ಪು ಸಿಗುವುದೇ ಇಲ್ಲ, ಮೇಲೆಯೇ ಹಾಕಬೇಕು.

ಪ್ರಶ್ನೆ: ಕಂಪನಿ ಕೆಲಸ. ಡೀಬಗ್ ಬಿಲ್ಡ್‌ನಲ್ಲಿ ಎಲ್ಲ ಚೆನ್ನಾಗಿದೆ. ರಿಲೀಸ್ ಬಿಲ್ಡ್ ಮಾಡಿ ಹಾಕಿದರೆ ಪಟ್ಟಿ ಬರುತ್ತದೆ, ಆದರೆ ಒಳಗಿನ ಹೆಸರು, ವಿಳಾಸ ಎಲ್ಲ ಖಾಲಿ. ಕೋಟ್ಲಿನ್, ಜೀಸನ್ ಲೈಬ್ರರಿ ಬಳಸಿದ್ದೇವೆ.
ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ರಿಲೀಸ್ ಬಿಲ್ಡನ್ನು ಚಿಕ್ಕದು ಮಾಡುವ ಆರ್8 ಅನ್ನುವ ಟೂಲ್ ನಿಮ್ಮ ಫೀಲ್ಡುಗಳ ಹೆಸರು ಬದಲಿಸಿದೆ. ರಿಲೀಸ್‌ನಲ್ಲಿ ಮಿನಿಫೈ ಆನ್ ಇದ್ದರೆ ಅದು ಆ್ಯಪ್ ಚಿಕ್ಕದು ಮಾಡಲು ಉದ್ದ ಹೆಸರುಗಳನ್ನೆಲ್ಲ ಎ, ಬಿ ಅಂತ ಮಾಡುತ್ತದೆ. ಜೀಸನ್ ಅಂದರೆ ಜೇಸನ್ ಓದಿ ಕ್ಲಾಸಿಗೆ ತುಂಬುವ ಲೈಬ್ರರಿ, ಅದು ಕೆಲಸ ಮಾಡುವುದೇ ಫೀಲ್ಡಿನ ಹೆಸರು ನೋಡಿ. ಸರ್ವರ್‌ನಿಂದ ನೇಮ್ ಅಂತ ಬಂದರೆ ಕ್ಲಾಸಿನಲ್ಲಿ ನೇಮ್ ಹುಡುಕುತ್ತದೆ, ಅಲ್ಲಿ ಎ ಇದೆ, ಸಿಗುವುದಿಲ್ಲ, ಏನೂ ಹೇಳದೆ ಮುಂದೆ ಹೋಗುತ್ತದೆ. ಪ್ರತಿ ಫೀಲ್ಡಿಗೂ ಸೀರಿಯಲೈಸ್ಡ್‌ನೇಮ್ ಹಾಕಿ, ಮಾಡೆಲ್ ಪ್ಯಾಕೇಜಿಗೆ ಒಂದು ಕೀಪ್ ರೂಲ್ (ಇದನ್ನು ಮುಟ್ಟಬೇಡ ಅನ್ನುವ ನಿಯಮ) ಬರೆಯಿರಿ.

ಆಮೇಲೆ ಇದನ್ನೂ ಗಮನಿಸಿ. ನಿಮ್ಮ ಫೀಲ್ಡ್‌ಗಳು ನಲ್ ಆಗದ ಸ್ಟ್ರಿಂಗ್‌ಗಳು. ಆದರೂ ಒಳಗೆ ನಲ್ ಬಂದು ಕೂತಿದೆ. ಜೀಸನ್‌ಗೆ ಕೋಟ್ಲಿನ್‌ನ ನಲ್ ನಿಯಮ ಗೊತ್ತಿಲ್ಲ, ಅದು ಜಾವಾಗೆ ಬರೆದದ್ದು. ಕನ್‌ಸ್ಟ್ರಕ್ಟರ್ ಕರೆಯದೆಯೇ ಆಬ್ಜೆಕ್ಟ್ ಮಾಡಿಬಿಡಬಲ್ಲದು, ಆಗ ನೀವು ಬರೆದ ಡಿಫಾಲ್ಟ್ ಬೆಲೆಗಳೂ ಬರುವುದಿಲ್ಲ. ಹೊಸ ಕೆಲಸಕ್ಕೆ ಕೋಟ್ಲಿನ್‌ಎಕ್ಸ್ ಸೀರಿಯಲೈಸೇಷನ್ ಬಳಸಿ. ಬೇಕಾದ ಫೀಲ್ಡ್ ಬರದಿದ್ದರೆ ಅದು ಬಾಗಿಲಲ್ಲೇ ಎರರ್ ಕೊಡುತ್ತದೆ. ನಾಲ್ಕು ಸ್ಕ್ರೀನ್ ದಾಟಿದ ಮೇಲೆ ಗ್ರಾಹಕರ ಕೈಯಲ್ಲಿ ಒಡೆಯುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.

ಪ್ರಶ್ನೆ: ದೇವರಾಜ ಮಾರುಕಟ್ಟೆಯಲ್ಲಿ ನಮ್ಮ ಚಿಕ್ಕಮ್ಮನ ಹೂವಿನ ಅಂಗಡಿ ಇದೆ. ಮದುವೆ ಆರ್ಡರ್ ಬರೆದುಕೊಳ್ಳಲು ಕಂಪೋಸ್‌ನಲ್ಲಿ (ಆ್ಯಂಡ್ರಾಯ್ಡ್ ಸ್ಕ್ರೀನ್ ಬರೆಯುವ ಟೂಲ್) ಆ್ಯಪ್ ಮಾಡಿದ್ದೇನೆ. ಹೊಸ ಆರ್ಡರ್ ಸೇರಿಸಿದರೆ ಪಟ್ಟಿಯಲ್ಲಿ ಕಾಣುವುದಿಲ್ಲ, ಆ್ಯಪ್ ಮುಚ್ಚಿ ತೆಗೆದರೆ ಕಾಣುತ್ತದೆ. ಸ್ಟೇಟ್‌ಫ್ಲೋ ಒಳಗೆ ಮ್ಯೂಟಬಲ್ ಲಿಸ್ಟ್ ಇಟ್ಟಿದ್ದೇನೆ.
ಓದುಗಿ, ಅಗ್ರಹಾರ, ಮೈಸೂರು

ಉತ್ತರ: ಸ್ಟೇಟ್‌ಫ್ಲೋ ಕೆಲಸ ಬೆಲೆ ಬದಲಾದರೆ ಸ್ಕ್ರೀನಿಗೆ ತಿಳಿಸುವುದು. ಅದು ಹೊಸ ಬೆಲೆ ಬಂದಾಗ ಹಳೆಯದರ ಜೊತೆ ಹೋಲಿಸಿ ನೋಡುತ್ತದೆ, ಎರಡೂ ಒಂದೇ ಆಗಿದ್ದರೆ ಯಾರಿಗೂ ಹೇಳುವುದಿಲ್ಲ. ನೀವು ಹಳೇ ಲಿಸ್ಟಿನ ಒಳಗೇ ಆರ್ಡರ್ ತುಂಬಿ ಅದೇ ಲಿಸ್ಟನ್ನು ವಾಪಸ್ ಕೊಟ್ಟಿದ್ದೀರಿ. ಅದೇ ಬುಟ್ಟಿ, ಹಳೆಯದೂ ಅದೇ, ಹೊಸದೂ ಅದೇ. ಮ್ಯೂಟಬಲ್ ತೆಗೆದು ಬರೀ ಲಿಸ್ಟ್ ಮಾಡಿ, ಹಳೇ ಲಿಸ್ಟಿಗೆ ಪ್ಲಸ್ ಹಾಕಿ ಹೊಸ ಆರ್ಡರ್ ಸೇರಿಸಿ ಹೊಸ ಲಿಸ್ಟ್ ಕೊಡಿ. ಒಂದು ಆರ್ಡರ್ ತಿದ್ದುವಾಗಲೂ ಕಾಪಿ ಬಳಸಿ. ಮತ್ತೆ ಡೇಟಾ ಕ್ಲಾಸಿನಲ್ಲಿ ಮುಂಗಡ ಕೊಟ್ಟರಾ ಅನ್ನುವ ವಾರ್ (ಬದಲಿಸಬಹುದಾದ ಫೀಲ್ಡ್) ಅನ್ನು ಕನ್‌ಸ್ಟ್ರಕ್ಟರ್ ಬ್ರ್ಯಾಕೆಟ್ ಹೊರಗೆ, ಕ್ಲಾಸಿನ ಒಳಗೆ ಬರೆದಿದ್ದೀರಿ. ಹೋಲಿಕೆಗೆ ಬರುವುದು ಬ್ರ್ಯಾಕೆಟ್ ಒಳಗಿನ ಫೀಲ್ಡುಗಳು ಮಾತ್ರ. ಹೊರಗಿನದು ಬದಲಾದರೂ ಎರಡು ಆರ್ಡರ್ ಒಂದೇ ಅಂತ ಕೋಟ್ಲಿನ್ ಹೇಳುತ್ತದೆ. ಅದನ್ನೂ ಒಳಗೆ ತನ್ನಿ.

ನಿಮ್ಮ ಆರ್ಡರ್ ಕ್ಲಾಸ್ ನೋಡಿದಾಗ ಪ್ರಮಾಣ 20 ಅಂತ ಒಂದು ಸಾಲು ಇತ್ತು. ಇಪ್ಪತ್ತು ಏನು? ಮಲ್ಲಿಗೆ ಮೊಳದ ಲೆಕ್ಕಕ್ಕೂ ಹೋಗುತ್ತದೆ, ಮಾರಿನ ಲೆಕ್ಕಕ್ಕೂ ಹೋಗುತ್ತದೆ, ಬಿಡಿ ಹೂವಾದರೆ ಕೆ.ಜಿ., ಹಾರ ಆದರೆ ಎಣಿಕೆ. ಚಿಕ್ಕಮ್ಮನಿಗೆ ನೋಡಿದ ಕೂಡಲೇ ಗೊತ್ತಾಗಬಹುದು, ಆದರೆ ಅವರಿಲ್ಲದ ದಿನ ಅಂಗಡಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತು ಮಾರಿನ ಆರ್ಡರಿಗೆ ಇಪ್ಪತ್ತು ಮೊಳ ಕಟ್ಟಿ ಕೊಟ್ಟರೆ ಮದುವೆ ಮನೆಯಲ್ಲಿ ಏನಾಗುತ್ತದೆ ಯೋಚಿಸಿ. ಪ್ರಮಾಣ ಮತ್ತು ಅಳತೆ ಎರಡನ್ನೂ ಸೇರಿಸಿ ಒಂದು ಸಣ್ಣ ಕ್ಲಾಸ್ ಮಾಡಿ, ಒಂದಿಲ್ಲದೆ ಇನ್ನೊಂದು ಬರಲೇ ಬಾರದು. ರೇಟೂ ಅದೇ ಅಳತೆಗೆ ಸೇರಿರಲಿ. ಮಾರಿನ ರೇಟನ್ನು ಮೊಳದಿಂದ ಗುಣಿಸಿ ತೆಗೆಯಲು ಹೋಗಬೇಡಿ, ಅಂಗಡಿಯಲ್ಲಿ ಅವೆರಡಕ್ಕೂ ಬೇರೆ ರೇಟು ಹೇಳುತ್ತಾರೆ ಅಂದರೆ ಬೇರೆಯೇ ಇಡಿ. ಚಿಕ್ಕಮ್ಮನನ್ನು ಕೇಳಿ ಬರೆಯಿರಿ, ಈ ಕ್ಲಾಸ್ ಅವರಿಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ಮಾಡೆಲ್ ಕ್ಲಾಸ್‌ಗಳನ್ನು ಕೈಯಲ್ಲೇ ಬರೆಯಬೇಕಾ, ಜನರೇಟರ್ (ಕೋಡ್ ತಾನೇ ಬರೆದುಕೊಡುವ ಟೂಲ್) ಬಳಸಬಹುದಾ? ಜೇಸನ್ ಸೀರಿಯಲೈಸಬಲ್ ಹಾಕಿದೆ, ಜಿ ಡಾಟ್ ಡಾರ್ಟ್ ಫೈಲ್ ಇಲ್ಲ ಅಂತ ಎರರ್ ಬರುತ್ತಲೇ ಇದೆ.
ವಿದ್ಯಾರ್ಥಿನಿ, ನಂಜನಗೂಡು

ಉತ್ತರ: ಮೊದಲ ನಾಲ್ಕೈದು ಕ್ಲಾಸ್ ಕೈಯಲ್ಲೇ ಬರೆಯಿರಿ. ಯಾವ ಫೀಲ್ಡ್ ಎಲ್ಲಿಂದ ಬರುತ್ತದೆ ಅಂತ ಬೆರಳಿಗೆ ಅಭ್ಯಾಸ ಆಗಬೇಕು. ಆಮೇಲೆ ಜನರೇಟರ್ ಬಳಸಿ, ಇಪ್ಪತ್ತು ಫೀಲ್ಡ್ ಇರುವ ಕ್ಲಾಸನ್ನು ಕೈಯಲ್ಲಿ ಬರೆದರೆ ಒಂದಲ್ಲ ಒಂದು ಹೆಸರು ತಪ್ಪುತ್ತದೆ.

ನಿಮ್ಮ ಎರರ್‌ಗೆ ಎರಡು ಕಾರಣ ಇರಬಹುದು. ಪಾರ್ಟ್ ಅಂತ ಬರೆಯುವ ಸಾಲಿನಲ್ಲಿ ಫೈಲಿನ ಹೆಸರು ನಿಮ್ಮ ಫೈಲಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಫೈಲ್ ಹೆಸರು ಬದಲಿಸಿ ಈ ಸಾಲು ಬದಲಿಸಲು ಮರೆಯುವುದು ತುಂಬಾ ಸಾಮಾನ್ಯ. ಎರಡನೆಯದು, ಬಿಲ್ಡ್‌ರನ್ನರ್ ಓಡಿಸಿಯೇ ಇರುವುದಿಲ್ಲ. ಬರೀ ಸೇವ್ ಮಾಡಿದರೆ ಆ ಫೈಲ್ ಹುಟ್ಟುವುದಿಲ್ಲ. ಡಾರ್ಟ್ ರನ್ ಬಿಲ್ಡ್‌ರನ್ನರ್ ಬಿಲ್ಡ್ ಅಂತ ಟರ್ಮಿನಲ್‌ನಲ್ಲಿ ಕೊಡಿ. ಕ್ಲಾಸ್ ಬದಲಿಸಿದಾಗಲೆಲ್ಲ ಮತ್ತೆ ಕೊಡಬೇಕು, ಬೇಜಾರಾದರೆ ಬಿಲ್ಡ್ ಜಾಗದಲ್ಲಿ ವಾಚ್ ಅಂತ ಕೊಟ್ಟು ಬಿಟ್ಟುಬಿಡಿ, ಅದೇ ನೋಡಿಕೊಳ್ಳುತ್ತದೆ. ಸರ್ವರ್‌ನವರು ಹೆಸರುಗಳ ನಡುವೆ ಅಡಿಗೆರೆ ಹಾಕಿ ಕಳಿಸುತ್ತಿದ್ದರೆ ಫೀಲ್ಡ್‌ರೀನೇಮ್ ಅನ್ನು ಸ್ನೇಕ್ ಮಾಡಿ, ಒಂದೊಂದಕ್ಕೂ ಜೇಸನ್‌ಕೀ ಬರೆಯುವುದು ತಪ್ಪುತ್ತದೆ.

ಕೈಯಲ್ಲಿ ಬರೆದರೂ ಜನರೇಟರಿನಿಂದ ಮಾಡಿದರೂ ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಸರ್ವರ್‌ನಿಂದ ನಿಜವಾಗಿ ಬಂದ ಒಂದು ಜೇಸನ್ ಅನ್ನು ಹಾಗೇ ಕಾಪಿ ಮಾಡಿ ಟೆಸ್ಟ್ ಫೋಲ್ಡರ್‌ನಲ್ಲಿ ಇಡಿ. ಅದನ್ನು ಫ್ರಮ್‌ಜೇಸನ್‌ಗೆ ಕೊಟ್ಟು, ಬಂದ ಆಬ್ಜೆಕ್ಟನ್ನು ಟುಜೇಸನ್ ಮಾಡಿ, ಎರಡೂ ಒಂದೇನಾ ಅಂತ ನೋಡಿ. ಆಮೇಲೆ ಅದೇ ಫೈಲಿನಲ್ಲಿ ಒಂದು ಅಂಕಿಯ ಪಾಯಿಂಟ್ ಅಳಿಸಿ, ಒಂದು ಫೀಲ್ಡ್ ಪೂರ್ತಿ ತೆಗೆದು, ಇನ್ನೊಂದಕ್ಕೆ ನಲ್ ಹಾಕಿ ಓಡಿಸಿ. ಎಲ್ಲಿ ಕೆಂಪಾಯಿತು ಅಂತ ಬರೆದು ಕಳಿಸಿ, ಮುಂದಿನ ತಿಂಗಳು ಅಲ್ಲಿಂದಲೇ ಶುರು ಮಾಡೋಣ.